ಸ್ಥಿರ ದೋಣಿ

ಮೀನುಗಣತಿದಾರರ ತೂಕ ನೂರಾ ಮೂವತ್ತೆರಡು ಕಿಲೋ ಎಂಬುದನ್ನು ಇಲಾಖೆ ಮೂರು ಪ್ರತಿಗಳಲ್ಲಿ ದೃಢೀಕರಿಸಿದೆ. ಅವರಿಗೆ ಕೊಟ್ಟಿದ್ದ ಕಯಾಕ್ ಇಪ್ಪತ್ತೆಂಟು ಅಂಗುಲ ಅಗಲದ್ದು ಎಂಬುದೂ ದಾಖಲೆಯಲ್ಲಿದೆ. ಒಬ್ಬರೇ ಕೂರುವ ಆ ದೋಣಿ ಸರೋವರದಲ್ಲಿ ಮೂರು ಸಲ ಮಗುಚಿದಾಗ ಕಚೇರಿಯ ಮಂದಿ ದಡದಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಗಾಳ ಹಾಕಿ, ಹಿಡಿದ ಮೀನನ್ನು ಅಳೆದು, ಮತ್ತೆ ನೀರಿಗೇ ಬಿಡುವುದು ಗಣತಿದಾರರ ಕೆಲಸ. ಆ ಕೆಲಸವೆಂದರೆ ಅವರಿಗೆ ಪ್ರಾಣ. ತಿಂಗಳೊಳಗೆ ದೋಣಿ ಹತ್ತದಿದ್ದರೆ ನೆಲಮಾಳಿಗೆಯ ಕಡತಕೋಣೆಗೆ ವರ್ಗ ಎಂದು ಮೇಲಧಿಕಾರಿ ತಾಕೀತು ಮಾಡಿದರು.

"ನಿಮ್ಮನ್ನ ಕಿರಿದು ಮಾಡೋಕಾಗಲ್ಲ, ದೋಣೀನೇ ಅಗಲ ಮಾಡ್ಕೊಡಿ ಅಂತ ಬರೀರಿ," ಎಂದಳು ಹೆಂಡತಿ.

ಅವರು ಬರೆದರು: ಮೂವತ್ತಾರು ಅಂಗುಲ ಅಗಲ, ಚಪ್ಪಟೆ ತಳ, ಇನ್ನೂರು ಕಿಲೋ ಹೊರುವ ಶಕ್ತಿ, ಎದ್ದು ನಿಂತು ಗಾಳ ಎಸೆದರೂ ಮಗುಚದ ಸ್ಥಿರವಾದ ದೋಣಿ.

'ಸ್ಥಿರ' ಎಂಬ ಪದದ ಕೆಳಗೆ ಗುಮಾಸ್ತೆ ಕೆಂಪು ಗೆರೆ ಎಳೆದಳು. ಕಡತ ನೆಟ್ಟಗೆ ಸ್ಥಿರಾಸ್ತಿ ವಿಭಾಗಕ್ಕೆ ಹೋಯಿತು. ಕಟ್ಟಡ, ಕಾಂಪೌಂಡು, ಬಾವಿಗಳನ್ನು ನೋಡಿಕೊಳ್ಳುವ ಆ ವಿಭಾಗದ ಮುಖ್ಯಸ್ಥರು ಈಜು ಬಾರದವರು. ಗಣತಿದಾರರು ಎದ್ದೂಬಿದ್ದೂ ಅಲ್ಲಿಗೆ ಓಡಿದರು.

"ಸಾರ್, ಇದು ದೋಣಿ. ತೇಲೋದು."

"ತೇಲಿದ್ರೆ ಅದು ಚರಾಸ್ತಿ ಆಗುತ್ತೆ. ಸ್ಥಿರ ಅಂತ ನೀವೇ ಬರೆದು ಸಹಿ ಹಾಕಿದೀರಲ್ಲ?"

"ಸ್ಥಿರ ಅಂದ್ರೆ ಮಗುಚಬಾರದು ಅಂತ, ಅಷ್ಟೇ."

"ಈ ಕಟ್ಟಡ ಯಾವತ್ತಾದ್ರೂ ಮಗುಚಿದೆಯಾ?"

"ಇಲ್ಲ."

"ಮತ್ತೆ?"

ದೋಣಿ ಬಂತು. ಹೇಳಿ ಮಾಡಿಸಿದಂಥ ದೋಣಿ: ಅಗಲ ಸರಿ, ತಳ ಸರಿ, ಬೆನ್ನಿಗೆ ಆನಿಕೆಯಿದ್ದ ಎತ್ತರದ ಸೀಟು. ಗಣತಿದಾರರು ಅದರ ಅಂಚನ್ನು ಸವರಿದರು. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಗಾರೆಯವರು ಬಂದರು. ಕಚೇರಿಯ ಅಂಗಳದಲ್ಲಿ ಗುಂಡಿ ತೋಡಿ, ದೋಣಿಯನ್ನು ಸೊಂಟಮಟ್ಟ ಹೂತು, ಕಾಂಕ್ರೀಟ್ ಸುರಿದರು. ಪಕ್ಕದಲ್ಲಿ ಫಲಕ ನೆಟ್ಟರು:

"ಸಾರ್ವಜನಿಕರ ಗಮನಕ್ಕೆ. ಸದರಿ ದೋಣಿಯ ಚಕ್ಕುಬಂದಿ: ಪೂರ್ವಕ್ಕೆ ಸೈಕಲ್ ಸ್ಟ್ಯಾಂಡ್, ಪಶ್ಚಿಮಕ್ಕೆ ಶೌಚಾಲಯ, ಉತ್ತರಕ್ಕೆ ಜನರೇಟರ್, ದಕ್ಷಿಣಕ್ಕೆ ಕಾಂಪೌಂಡು. ಅತಿಕ್ರಮಿಸಿ ಹುಟ್ಟು ಹಾಕುವುದು ಶಿಕ್ಷಾರ್ಹ."

ಉದ್ಘಾಟನೆಯ ದಿನ ಮೇಲಧಿಕಾರಿ, "ಎದ್ದು ನಿಲ್ಲಿ," ಎಂದರು. ಗಣತಿದಾರರು ದೋಣಿಯಲ್ಲಿ ನಿಂತರು. ನಾಲ್ವರು ಅಧಿಕಾರಿಗಳು ಬೆವರು ಸುರಿಸಿ ಅಲುಗಾಡಿಸಿ ನೋಡಿದರು. ದೋಣಿ ಜಪ್ಪಯ್ಯ ಅನ್ನಲಿಲ್ಲ. ಚಪ್ಪಾಳೆ ಬಿತ್ತು. ವರ್ಗಾವಣೆ ರದ್ದಾಯಿತು.

"ಸಾರ್, ನೀರು?" ಎಂದರು ಗಣತಿದಾರರು, ಮೆಲ್ಲಗೆ.

"ನೀರು ಹರಿಯೋದಲ್ವೇನ್ರೀ? ಚರಾಸ್ತಿ. ಅದು ಬೇರೆ ವಿಭಾಗ. ಅರ್ಜಿ ಹಾಕಿ."

ತಿಂಗಳ ವರದಿಯಲ್ಲಿ 'ಮಗುಚಿದ ಪ್ರಕರಣ: ಇಲ್ಲ' ಎಂದು ದಾಖಲಾಯಿತು. 'ಮೀನು: ಇಲ್ಲ' ಎಂಬುದೂ ದಾಖಲಾಯಿತು; ಎರಡೂ ಕಡೆ ಒಂದೇ ಉತ್ತರ ಬಂದಿದ್ದಕ್ಕೆ ಇಲಾಖೆ ಪ್ರಶಂಸಾಪತ್ರ ಕೊಟ್ಟಿತು.

ಈಗ ಗಣತಿದಾರರು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂರುತ್ತಾರೆ. ಯಾರೂ ನಗುವುದಿಲ್ಲ, ಹಾದುಹೋಗುವವರು ನಮಸ್ಕಾರ ಹೇಳುತ್ತಾರೆ. ಸರೋವರದ ಕಡೆಯಿಂದ ಗಾಳಿ ಬೀಸಿದಾಗ ಅವರು ಒಮ್ಮೆ ತಲೆ ಎತ್ತುತ್ತಾರೆ, ಆಮೇಲೆ ನೀರಿನ ಅರ್ಜಿಯನ್ನು ಮುಂದುವರಿಸುತ್ತಾರೆ. ದೋಣಿ ಒಂಚೂರೂ ಅಲುಗದ ಕಾರಣ ಅಕ್ಷರಗಳು ಗುಂಡಗೆ ಬರುತ್ತಿವೆ.