ಕಾಕಾ ಸೀಳಿದ ಸರಳು

ನಮ್ಮ ಕಾಕಾನಂಥ ಹಟಮಾರಿ ರಾಣೆಬೆನ್ನೂರಿನಲ್ಲಿ ಇನ್ನೊಬ್ಬನಿದ್ದರೆ, ಅವನನ್ನೂ ನಮ್ಮ ಕಾಕಾನೇ ಲೇಥಿನ ಮೇಲೆ ಕಡೆದು ತಯಾರಿಸಿರಬೇಕು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ನಿವೃತ್ತನಾದವನು ಇನ್ನಾದರೂ ಕಬ್ಬಿಣ ಬಿಟ್ಟಾನು ಅಂದುಕೊಂಡೆವು. ಅವ ಕಬ್ಬಿಣ ತಿರುಗಿಸಿ ಕಡೆಯುವ ಹಳೇ ಲೇಥ್ ಯಂತ್ರವನ್ನೇ ಮನೆಗೆ ತಂದ. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ವಾಪಸ್ ಕಳಿಸುವ ಮಾತೇ ಇಲ್ಲ, ಬಾಗಿಲು ಒಡೆಸಿದ. ಊಟಕ್ಕೆ ಕೂರುತ್ತಿದ್ದ ಪಡಸಾಲೆ ಅವತ್ತಿನಿಂದ ವರ್ಕ್‌ಶಾಪ್ ಆಯಿತು. ಬಂದವರಿಗೆಲ್ಲ ಅವನ ಹೆಂಡತಿ, ನಮ್ಮ ಕಾಕು, ಹೇಳುತ್ತಾಳೆ, "ಲೇಥ್ ಪಡಸಾಲ್ಯಾಗ ಉಣ್ತೈತ್ರಿ, ನಾವು ಅಡಿಗಿಮನ್ಯಾಗ."

ಅಳತೆಯ ಹುಚ್ಚು ಬೇರೆ. ಒಮ್ಮೆ ಕಾಕು ಬಡಿದ ರೊಟ್ಟಿಯನ್ನು ದಪ್ಪ ಅಳೆಯುವ ವರ್ನಿಯರಿನಲ್ಲಿ ಹಿಡಿದು, "ನಡುವ ಎರಡು ಮಿಲಿ, ಅಂಚಿಗೆ ಒಂದೂವರಿ" ಅಂದ. ಆ ಹೊತ್ತು ಅವನಿಗೆ ನಡುವೂ ಸಿಗಲಿಲ್ಲ, ಅಂಚೂ ಸಿಗಲಿಲ್ಲ.

ನಾನು ಬ್ಯಾಡಗಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಹೋದ ವರ್ಷ ಸ್ಕೂಟಿಯಿಂದ ಬಿದ್ದು ಬಲಗಾಲಿನ ಹರಡು, ಪಾದದ ಮೇಲಿನ ಕೀಲು, ಮುರಿದುಕೊಂಡೆ. ಎಲುಬು ಕೂಡಿತು, ಕೀಲು ಮಾತ್ರ ಬಾಗುವುದನ್ನೇ ಬಿಟ್ಟಿತು. ಡಾಕ್ಟರು ಇನ್ನು ಇಷ್ಟೇ ಅಂದರು. ನಡೆಯುವಾಗ ಕಾಲು ಎಳೆಯುತ್ತಿದ್ದೆ, ನಾಲ್ಕು ಹೆಜ್ಜೆಗೆ ಸೊಂಟ ಹಿಡಿಯುತ್ತಿತ್ತು. ಮೂವತ್ತು ಮಕ್ಕಳ ಹಿಂದೆ ಓಡಾಡುವ ಕೆಲಸ ಇನ್ನು ಸಾಕು ಅಂತ ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಕೊಡುವ ಧೈರ್ಯವಾಗಿರಲಿಲ್ಲ, ಅಷ್ಟೆ.

ನೋಡಲು ಬಂದವರೆಲ್ಲ ಅಯ್ಯೋ ಪಾಪ ಅಂದರು. ಕಾಕಾ ಅನ್ನಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಚಪ್ಪಲಿ ನೋಡಿದ. ನೆಲದ ಮೇಲೆ ಜೋಳದ ಹಿಟ್ಟು ಹರವಿ, "ಇದರ ಮ್ಯಾಲೆ ನಡಿ" ಅಂದ. ಹತ್ತು ಸಲ ನಡೆಸಿದ. ಹೆಜ್ಜೆಗುರುತು ಅಳೆದು ಚೀಟಿಯಲ್ಲಿ ಬರೆದುಕೊಂಡು, ಚಹಾ ಕೂಡ ಕುಡಿಯದೆ ಹೊರಟುಬಿಟ್ಟ. ಕಾಲು ಕೆಟ್ಟಿದ್ದು ನನ್ನದು, ತಲೆ ಕೆಟ್ಟಿದ್ದು ಇವನದೇ ಅಂತ ನಗು ಬಂತು.

ಮುಂದಿನ ವಾರ ಕಾಕುವಿನ ಫೋನು. "ನಿಮ್ಮ ಕಾಕಾ ದುಂಡನ ಸರಳು ತಗೊಂಡು ಉದ್ದಕ್ಕ ಸೀಳಾಕತ್ತಾರವಾ. ಮೂರು ದಿನ ಆತು. ನೀನರ ಬಂದು ಹೇಳು."

ಹೋದೆ. ಗೇಣುದ್ದದ ಉಕ್ಕಿನ ಸರಳನ್ನು ಕಾಕಾ ಗರಗಸದಿಂದ ಸೌತೆಕಾಯಿ ಸೀಳಿದ ಹಾಗೆ ಸೀಳುತ್ತಿದ್ದ. ನಾನು ನೋಡುತ್ತಿರುವಾಗಲೇ ಎರಡು ಹೋಳಾಯಿತು. ಆದರೆ ಎರಡೂ ಹೋಳು ಒಂದಕ್ಕೊಂದು ಬೆನ್ನು ತಿರುಗಿಸಿ ಬಾಳೆಹಣ್ಣಿನಂತೆ ಬಾಗಿದವು.

ಕಾಕಾನಿಗೆ ಬೇಜಾರಾಗಲಿಲ್ಲ. "ಇದರ ಹೊಟ್ಟ್ಯಾಗ ಸಿಟ್ಟಿತ್ತು. ಸೀಳಿದ ಕೂಡಲೆ ಹೊರಗ ಬಂತು" ಅಂದ.

"ಮೂವತ್ತೈದು ವರ್ಷ ಆತು, ನನ್ನ ಹೊಟ್ಟ್ಯಾಗೂ ಐತಿ" ಅಂದಳು ಕಾಕು. "ನಾ ಏನು ಸೊಟ್ಟ ಆಗೇನೇನ್ರಿ?"

ಕಾಕಾ ದಾರಿ ಬದಲಿಸಿದ. ಉಕ್ಕಿನ ಎರಡು ದಪ್ಪ ಚಪ್ಪಟೆ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಎರಡೂ ತುದಿಗೆ ವೆಲ್ಡಿಂಗ್ ಹಾಕಿಸಿ ತಂದ. ಆ ಜೋಡಿಯನ್ನು ಲೇಥಿಗೆ ಕಚ್ಚಿಸಿ ದುಂಡಗೆ ಕಡೆದ. ಆಮೇಲೆ ವೆಲ್ಡಿಂಗ್ ಹಾಕಿದ್ದ ತುದಿಗಳನ್ನು ಕೊಯ್ದು ಹಾಕಿದ. ಸರಳು ತಾನಾಗೇ ಎರಡಾಗಿ ಅವನ ಅಂಗೈಯಲ್ಲಿ ಬಿತ್ತು. ಪ್ರತಿ ಹೋಳಿಗೂ ಒಂದು ಮೈ ಚಪ್ಪಟೆ, ಇನ್ನೊಂದು ಮೈ ದುಂಡು. ಕೂದಲಿನಷ್ಟೂ ಸೊಟ್ಟವಿಲ್ಲ.

"ಏನು ಮಾಡಾಂವ ಕಾಕಾ ಇದನ್ನ?" ಅಂತ ಕೇಳಿದೆ.

"ಚಪ್ಲಿ ಬಿಚ್ಚು. ನಿನ್ನ ಕೀಲು ಉಳ್ಳೂದಿಲ್ಲ ಹೌದಿಲ್ಲೋ? ಚಪ್ಲೀನ ಉಳ್ಳಸೂಣು. ಎರಡೂ ಕಾಲಿಗೆ ಒಂದ ಎತ್ತರ ಇರಬೇಕು, ಅದಕ್ಕ ಜೋಡಿ."

ಆಗ ಹಿಟ್ಟಿನ ಲೆಕ್ಕ ನನಗೆ ಹೊಳೆಯಿತು: ಹೆಜ್ಜೆ ಅಳೆದದ್ದು ಚಪ್ಪಲಿ ಎಲ್ಲಿ ಉರುಳಬೇಕು ಅಂತ ತಿಳಿಯಲು. ಕಾಕಾ ಒಂದೊಂದು ಚಪ್ಪಲಿಗೆ ಒಂದೊಂದು ಹೋಳಿನ ಚಪ್ಪಟೆ ಮೈಯನ್ನು ಅಟ್ಟೆಯ ಅಡಿಗೆ ಅಡ್ಡಲಾಗಿ ಹಚ್ಚಿ ಸ್ಕ್ರೂ ಬಿಗಿದ, ದುಂಡು ಮೈಗೆ ಹಳೇ ಸೈಕಲ್ ಟೈರು ಹೊದಿಸಿದ. ಹಾಕಿಕೊಂಡು ಒಂದು ಹೆಜ್ಜೆ ಇಟ್ಟೆ. ಹಿಂದಕ್ಕೆ ಉರುಳಿ ಕಾಕು ಒಣಹಾಕಿದ್ದ ಮೆಣಸಿನಕಾಯಿ ರಾಶಿಯ ಮೇಲೆ ಕುಳಿತೆ. ಕಾಕು ನನ್ನನ್ನು ಎಬ್ಬಿಸಿದಳು. ಕಾಕಾ ಚಪ್ಪಲಿಯನ್ನು ಎಬ್ಬಿಸಿದ. "ಹನ್ನೆರಡು ಮಿಲಿ ಮುಂದ ಸರಸಬೇಕು" ಅಂದ.

ಸರಿಸಿದ. ಮತ್ತೆ ನಡೆದೆ. ಹಿಮ್ಮಡಿ ಊರಿತು, ಚಪ್ಪಲಿ ಉರುಳಿತು, ಕಾಲು ತಾನಾಗಿ ಮುಂದಕ್ಕೆ ಹೋಯಿತು. ಸೊಂಟ ಸುಮ್ಮನಿತ್ತು. ಬೀದಿಯ ತುದಿತನಕ ಹೋಗಿ ಬಂದೆ, ಮತ್ತೊಮ್ಮೆ ಹೋದೆ. ಸೋಮವಾರ ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ರಾಜೀನಾಮೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ತಿಂಗಳ ನಂತರ ಕಾಕಾ ತಪಾಸಣೆಗೆ ಬ್ಯಾಡಗಿಗೆ ಬಂದ. ಚಪ್ಪಲಿ ತಿರುವಿ ಟೈರು ಎಷ್ಟು ಸವೆದಿದೆ ನೋಡಿದ, ಒಂದು ಸ್ಕ್ರೂ ಬಿಗಿ ಮಾಡಿದ. ಸಂಜೆ ಬಸ್ಸಿಗೆ ಬಿಡಲು ನಾನೂ ಹೊರಟೆ. ಶಾಲೆಯ ಸುದ್ದಿ ಹೇಳುತ್ತ ಹೇಳುತ್ತ ನಡೆದೆ. ಯಾರೂ ಹೂಂ ಅನ್ನುತ್ತಿಲ್ಲ ಅನ್ನಿಸಿ ತಿರುಗಿದರೆ, ಕಾಕಾ ಇಪ್ಪತ್ತು ಮಾರು ಹಿಂದೆ ವಿದ್ಯುತ್ ಕಂಬಕ್ಕೆ ಕೈಯೂರಿ ನಿಂತಿದ್ದ. ಏದುಸಿರು ಬಿಡುತ್ತಿದ್ದ.

"ಸ್ವಲ್ಪ ನಿಂದ್ರವಾ" ಅಂದ. "ನಿನ್ನ ಸಂಗಾಟ ನಡ್ಯಾಕ ಆಗವಲ್ದು ನನಗ."

ಒಂದು ವರ್ಷದಿಂದ ಎಲ್ಲರೂ ನನಗಾಗಿ ನಿಂತು ಕಾದಿದ್ದರು. ಅವತ್ತು ನಾನು ನಿಂತೆ. ಕಾಕಾನಿಗೆ ಎಪ್ಪತ್ತು ದಾಟಿದೆ ಅನ್ನುವುದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಹಿಂದಕ್ಕೆ ನಡೆದು ಹೋಗಿ ಅವನ ಕೈಹಿಡಿದುಕೊಂಡೆ.