ಚೆಕ್ಕಿಂಗ್ ಪರೀಕ್ಷೆಗೆ ಕೂತ ದಿನ

ಸಮಾಧಾನ ಹೇಳುವ ವಿಷಯದಲ್ಲಿ ಮನುಷ್ಯರ ಮೇಲೆ ನನಗಿದ್ದ ನಂಬಿಕೆ ಹೋಗಿ ಒಂದು ವರ್ಷವಾಗುತ್ತ ಬಂತು. ಅಣ್ಣನಿಗೆ ಪಾರ್ಶ್ವವಾಯು ಬಡಿದ ಮೇಲೆ ಕಾಣಿಯೂರಿನ ನಮ್ಮ ಮನೆಗೆ ಬಂದವರೆಲ್ಲ ಕಿತ್ತಳೆ ತಂದರು, ಬಿಸ್ಕತ್ತು ತಂದರು, ಜೊತೆಗೆ ಒಂದೊಂದು ಕಥೆಯನ್ನೂ ತಂದರು. ನೆಲ್ಯಾಡಿಯಲ್ಲಿ ಒಬ್ಬರಿಗೆ ಹೀಗೇ ಆಗಿ, ಹದಿನೈದೇ ದಿನದಲ್ಲಿ ಎದ್ದು ಓಡಾಡಿದರಂತೆ. ಕಥೆ ಅಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಬಂದವರು ಪ್ರಾಮಾಣಿಕರು. ಹದಿನಾರನೆಯ ದಿನ ಏನಾಯಿತೆಂಬುದನ್ನೂ ಹೇಳಿ, ಚಹಾ ಮುಗಿಸಿಯೇ ಎದ್ದರು. ಮನುಷ್ಯರಿಂದ ಆಗದ್ದು ನಾಯಿಯಿಂದಾದರೂ ಆದೀತೇ ಎಂಬ ಯೋಚನೆ ನನಗೆ ಬಂದದ್ದು ಆಗ. ನನಗೇ ಬಂದದ್ದು ಎಂದು ನಾನು ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ. ಡೈರಿ ತೆಗೆದು ನೋಡಿದರೆ ಅದನ್ನು ಮೊದಲು ಹೇಳಿದವರು ಅತ್ತಿಗೆ; ನಾನು ಅದಕ್ಕೆ ಹುಚ್ಚು ಎಂದಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಪುತ್ತೂರಿನ ಕಾಲೇಜೊಂದರಲ್ಲಿ ದಾಖಲೆಗಳ ಮಹತ್ವವನ್ನು ಪಾಠ ಮಾಡುವ ನನ್ನಂಥವನಿಗೆ ಸ್ವಂತ ದಾಖಲೆಯಷ್ಟು ಅವಮಾನ ಮಾಡುವ ವಸ್ತು ಬೇರೊಂದಿಲ್ಲ.

ಮನೆಯಲ್ಲಿ ಇರುವುದು ನಾವು ಮೂವರು: ಅಣ್ಣ, ಅತ್ತಿಗೆ, ಮದುವೆಯಾಗದೆ ಉಳಿದ ನಾನು. ಅಣ್ಣ ಪುತ್ತೂರು–ಕಾಣಿಯೂರು ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವನ ಸ್ವರ ಬಸ್ಸಿಗಿಂತ ಮೊದಲು ಸ್ಟಾಪಿಗೆ ತಲುಪುತ್ತಿತ್ತು. ಆ ಸ್ವರವೇ ಹೋಯಿತು. ಬಲಗೈ ಸ್ವಲ್ಪ ಸ್ವಲ್ಪವಾಗಿ ಏಳತೊಡಗಿದರೂ ಮಾತು ಬರಲಿಲ್ಲ. ಮಾತು ಒಳಗೇ ಉಂಟು, ಅವರೇ ಪ್ರಯತ್ನ ಮಾಡಬೇಕು ಎಂದರು ಡಾಕ್ಟರು. ಅಣ್ಣ ಪ್ರಯತ್ನ ಮಾಡಲಿಲ್ಲ. ಗೋಡೆ ನೋಡಿಕೊಂಡು ಕೂತ. ಒಂದು ದಿನ ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ನನಗೆ ಹೆದರಿಕೆ ಹುಟ್ಟಿತು: ಅಣ್ಣನ ಸ್ವರ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ಸಿಗುತ್ತಿಲ್ಲ. ಮನೆಗೆ ಬಂದು ಫೋನ್ ಹುಡುಕಿದೆ. ಕಾಲೇಜಿನ ವಾರ್ಷಿಕೋತ್ಸವಗಳಿವೆ, ಯಾರದೋ ಗೃಹಪ್ರವೇಶವಿದೆ, ಊಟದ ಎಲೆಗಳ ಫೋಟೊಗಳೇ ಲೆಕ್ಕವಿಲ್ಲದಷ್ಟಿವೆ. ಅಣ್ಣ ಮಾತಾಡಿದ್ದು ಒಂದೂ ಇಲ್ಲ. ಇಡೀ ದಿನ ಕೂಗುವವನನ್ನು ಯಾರು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ?

ಉಪ್ಪಿನಂಗಡಿಯ ಆರೈಕೆ ಕೇಂದ್ರವೊಂದಕ್ಕೆ ಅವನನ್ನು ಕೈಕಾಲಿನ ವ್ಯಾಯಾಮಕ್ಕೂ ಮಾತಿನ ಅಭ್ಯಾಸಕ್ಕೂ ಕರೆದುಕೊಂಡು ಹೋಗುತ್ತಿದ್ದೆವು. ತರಬೇತಾದ ನಾಯಿಯನ್ನು ಎದುರು ಕೂರಿಸಿದರೆ ಕೆಲವರು ಮನಸ್ಸು ಬಿಚ್ಚುತ್ತಾರೆ ಎಂದು ಅಲ್ಲಿಯವರೂ ಹೇಳಿದರು. ತಲೆ ಸವರುವ ನೆಪದಲ್ಲಿ ಕೈಗೆ ವ್ಯಾಯಾಮ, ಕರೆಯುವ ನೆಪದಲ್ಲಿ ನಾಲಗೆಗೆ ವ್ಯಾಯಾಮ. ಎದೆಬಡಿತ ತಗ್ಗುತ್ತದೆ, ಒಂಟಿತನ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡದು, ನಾಯಿ ನೆಲ್ಯಾಡಿಯ ಕಥೆ ಹೇಳುವುದಿಲ್ಲ. ಆದರೆ ಪರೀಕ್ಷೆ ಪಾಸಾದ ನಾಯಿಗೆ ಮಾತ್ರ ಒಳಗೆ ಪ್ರವೇಶ.

ನಮ್ಮಲ್ಲಿದ್ದದ್ದು ಊರ ನಾಯಿ. ಮರಿಯಾಗಿದ್ದಾಗಲೇ ಬಂದವರ ಕಾಲು, ಜೇಬು, ಚೀಲ ಎಲ್ಲ ಮೂಸಿ ನೋಡುತ್ತಿದ್ದುದರಿಂದ ಅಣ್ಣ ಅದಕ್ಕೆ ಚೆಕ್ಕಿಂಗ್ ಎಂದು ಹೆಸರಿಟ್ಟಿದ್ದ. ಕಂಡಕ್ಟರುಗಳು ಜೀವನದಲ್ಲಿ ಹೆದರುವ ಒಂದೇ ಹೆಸರು ಅದು. ನಮ್ಮ ಕಡೆ ನಾಯಿಗೆ ವಹಿಸಿದ ಉದ್ಯೋಗ ಎರಡು: ಮಂಗ ಓಡಿಸುವುದು, ನೆಂಟರಿಗೆ ಬೊಗಳುವುದು. ಅದು ಬೊಗಳಬೇಕು, ನಾವು ಒಳಗಿನಿಂದ "ಅದು ಎಂತ ಮಾಡುದಿಲ್ಲ, ಬನ್ನಿ" ಎನ್ನಬೇಕು. ಆಮೇಲೆಯೇ ಉಪಚಾರ ಶುರು. ಈ ಎರಡೂ ಉದ್ಯೋಗಗಳಿಂದ ಅದನ್ನು ಬಿಡಿಸುವುದೇ ತರಬೇತಿ ಎಂಬುದು ನನಗೆ ತಡವಾಗಿ ತಿಳಿಯಿತು.

ಆರು ತಿಂಗಳು ಕಲಿಸಿದೆ. ಚುಚ್ಚುಮದ್ದು ಹಾಕಿಸಿ, ಉಗುರು ಕತ್ತರಿಸಿ, ವಾರಕ್ಕೊಮ್ಮೆ ಸ್ನಾನ ಮಾಡಿಸಿದೆ. ಆಸ್ಪತ್ರೆಯ ಸದ್ದುಗಳಿಗೆ ಬೆಚ್ಚಬಾರದೆಂದು ಅದರ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದೆ. ಊರುಗೋಲಿನ ಅಭ್ಯಾಸವಾಗಲೆಂದು ಅಂಗಳದಲ್ಲಿ ನಾನೇ ಕುಂಟಿದೆ. ನೆಲಕ್ಕೆ ಬಿದ್ದ ತಿಂಡಿ ಮುಟ್ಟಬಾರದೆಂದು ಒಣಮೀನಿನ ತುಂಡು ಹಾಕಿ "ಬೇಡ" ಎನ್ನುತ್ತ ಎದುರು ಕೂತೆ. ಮೊದಲ ವಾರ ಒಣಮೀನು ನಾಯಿಯ ಹೊಟ್ಟೆಗೆ ಹೋಯಿತು. ಎರಡನೆಯ ವಾರ, ನಾನು ಶಿಸ್ತಿನಿಂದ ನಾಯಿಯ ಮುಖವನ್ನೇ ನೋಡುತ್ತಿದ್ದಾಗ, ಬೆಕ್ಕಿನ ಹೊಟ್ಟೆಗೆ. ಮೈಮೇಲೆ ಹಾರದೆ, ನೆಕ್ಕದೆ, ಬೊಗಳದೆ, ಮುಟ್ಟಿದರೆ ಮುಟ್ಟಿಸಿಕೊಂಡು ಸುಮ್ಮನೆ ಕೂರುವುದನ್ನು ಅದು ಕೊನೆಗೂ ಕಲಿತಾಗ ನನ್ನ ಬೋಧನೆಯ ಬಗ್ಗೆ ನನಗೇ ಗೌರವ ಮೂಡಿತು. ತರಗತಿಯಲ್ಲಿ ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೂತದ್ದಿಲ್ಲ.

ಪಕ್ಕದ ತೋಟದ ಕುರಿಯಚ್ಚನ್‌ಗೆ ಮಾತ್ರ ಗೌರವ ಮೂಡಲಿಲ್ಲ. ಅಪ್ಪನ ಕಾಲಕ್ಕೆ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ ಅವರದು. ಮೇಷ್ಟ್ರೇ ಎನ್ನುವ ಬದಲು ನನ್ನನ್ನು ಅವರ ಮಲಯಾಳದಲ್ಲಿ ಮಾಷೆ ಎಂದೇ ಕರೆಯುವುದು.

"ಮಾಷೆ, ನಿಮ್ಮ ನಾಯಿಗೆ ಎಂತ ಆಗಿದೆ? ನಿನ್ನೆ ನನ್ನ ಬಾಳೆಗೊನೆಗೆ ಮಂಗ ಬಂತು. ಇದು ಕೂತು ನೋಡ್ತಾ ಉಂಟು."

"ಅದಕ್ಕೆ ಟ್ರೈನಿಂಗ್ ಆಗ್ತಾ ಉಂಟು. ರೋಗಿಗಳಿಗೆ ಸಮಾಧಾನ ಮಾಡ್ಲಿಕ್ಕೆ."

"ಮಂಗನಿಗೆ ಸಮಾಧಾನ ಆಗಿದೆ. ಹೊಟ್ಟೆ ತುಂಬಾ ಆಗಿದೆ," ಎಂದು ಅವರು ಬಾಳೆಯ ಸಿಪ್ಪೆಯೊಂದನ್ನು ಸಾಕ್ಷಿಯಾಗಿ ನಮ್ಮ ಕಟ್ಟೆಯ ಮೇಲೆ ಇಟ್ಟು ಹೋದರು.

ಪರೀಕ್ಷೆಯ ದಿನ ಬಂತು. ಮಂಗಳೂರಿನಿಂದ ಲವೀನಾ ಮೇಡಂ ಎಂಬ ಪರೀಕ್ಷಕಿ ಕೇಂದ್ರಕ್ಕೆ ಬಂದಿದ್ದರು. ಗಾಲಿಕುರ್ಚಿ ಉರುಳಿಸಿದರು, ತಟ್ಟೆ ಬೀಳಿಸಿದರು, ಅಪರಿಚಿತರು ಕಿವಿ ಹಿಡಿದರು, ಚೆಕ್ಕಿಂಗ್ ಅಲ್ಲಾಡಲಿಲ್ಲ. ಬಿಸ್ಕತ್ತು ನೆಲಕ್ಕೆ ಬಿತ್ತು. ಬೆಕ್ಕು ಇರಲಿಲ್ಲವಾದ್ದರಿಂದ ಬಿಸ್ಕತ್ತು ಅಲ್ಲೇ ಉಳಿಯಿತು. ಕೊನೆಯದು ರೋಗಿಯ ಜೊತೆಗಿನ ಭಾಗ. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿದರು. ಹಗ್ಗ ಹಿಡಿದು ನಾನು ಪಕ್ಕದಲ್ಲಿ ನಿಂತೆ. ಅತ್ತಿಗೆ ಗೋಡೆಯ ಬದಿಯಲ್ಲಿ ಕೂತರು.

ಮೇಡಂ ಅಣ್ಣನ ಎದುರು ಸ್ಟೂಲ್ ಎಳೆದುಕೊಂಡರು. "ಜಗ್ಗಣ್ಣ, ಇದರ ಹೆಸರೆಂತ?"

"ಚೆಕ್ಕಿಂಗ್," ಎಂದೆ ನಾನು.

"ಎಷ್ಟು ವರ್ಷ ಆಯ್ತು ಜಗ್ಗಣ್ಣ ಇದಕ್ಕೆ?"

"ಐದು. ಬರುವ ತಿಂಗಳಿಗೆ ಆರು."

"ನಿಮ್ಮನ್ನು ಕಂಡ್ರೆ ಪ್ರೀತಿಯಾ ಇದಕ್ಕೆ?"

"ಜೀವ ಬಿಡ್ತದೆ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಮಾಷ್ಟ್ರೇ, ನಿಮ್ಮ ಹೆಸರು ಜಗ್ಗಣ್ಣನಾ?"

"ಅಲ್ಲ."

"ಅಲ್ಲ, ನಾನು ಯಾರ ಹತ್ರ ಕೇಳ್ತಾ ಇದ್ದೇನೆ ಅಂತ ನನಗೇ ಡೌಟು ಬಂತು. ಒಂದೆರಡು ನಿಮಿಷ ಮಾತಾಡ್ಬೇಡಿ ಮಾರಾಯ್ರೆ. ಅವರಷ್ಟಕ್ಕೆ ಬಿಡಿ."

ಒಂದೆರಡು ನಿಮಿಷ ಎಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಬಂದವರ ಪ್ರಶ್ನೆಯನ್ನು ಉತ್ತರವಿಲ್ಲದೆ ಕೂರಿಸಬಾರದು ಎಂಬ ಮನೆಯಲ್ಲಿ ಬೆಳೆದವನು ನಾನು. ಫ್ಯಾನಿನ ಸದ್ದು ಕೇಳಿತು, ಹೊರಗೆ ಯಾವುದೋ ಲಾರಿ ಹೋಯಿತು. ಅಣ್ಣನ ತುಟಿ ಸ್ವಲ್ಪ ಅದುರಿತು. "ಅವನಿಗೆ ಬಾಯಾರಿಕೆ ಆಗಿರ್ಬೇಕು," ಎಂದು ನನ್ನ ಬಾಯಿಯಿಂದ ಬಂದೇ ಬಿಟ್ಟಿತು. ತುಟಿ ಮುಚ್ಚಿಕೊಂಡಿತು.

"ನಾಯಿ ಪಾಸು," ಎಂದರು ಮೇಡಂ, ಬರೆದುಕೊಳ್ಳುತ್ತ. "ನೀವು ಇಲ್ಲ. ಹಗ್ಗ ಹಿಡಿಯುವವರಿಗೂ ಸೇರಿಸಿಯೇ ಪರೀಕ್ಷೆ. ಮನೆಯಲ್ಲಿ ಬೇರೆ ಯಾರಾದ್ರೂ ಇದ್ದಾರಾ?"

"ನಾನು ಹಿಡಿಯುದಾ?" ಎಂದರು ಅತ್ತಿಗೆ. ನನ್ನ ಕೈಯಿಂದ ಹಗ್ಗ ತೆಗೆದುಕೊಳ್ಳುವಾಗ ಮೆಲ್ಲಗೆ, "ಸತೀಶ, ನೀನು ಬಾಗಿಲ ಹತ್ರ ನಿಲ್ಲು. ಬೇಜಾರು ಮಾಡ್ಬೇಡ," ಎಂದರು. ಅವರು ಹೇಳಿದ್ದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅದು ಇಷ್ಟು ಮೆತ್ತಗೆ ಇರಲಿಲ್ಲವೋ ಏನೋ.

ಬಾಗಿಲ ಹತ್ತಿರ ನಿಂತು ಈ ವರ್ಷದ ಡೈರಿಯನ್ನು ಮನಸ್ಸಿನಲ್ಲೇ ತಿರುವಿದೆ. ಅಣ್ಣ ಊಟ ಸಾಕು ಎಂದ. ಅಣ್ಣನಿಗೆ ಇವತ್ತು ಹೊರಗೆ ಕೂರಲು ಮನಸ್ಸಿಲ್ಲವಂತೆ. ಬಸ್ಸಿನವರು ನೋಡಲು ಬಂದದ್ದು ಅವನಿಗೆ ಖುಷಿಯಾಯಿತಂತೆ. ಪುಟಪುಟಕ್ಕೂ ಹೀಗೆ. ಇವುಗಳಲ್ಲಿ ಒಂದನ್ನೂ ಅವನು ಹೇಳಿದ್ದಿಲ್ಲ. ಕೇಳಿದವನೂ ನಾನು, ಹೇಳಿದವನೂ ನಾನು, ದಾಖಲಿಸಿದವನೂ ನಾನು. ವಿದ್ಯಾರ್ಥಿಯೊಬ್ಬ ಇಂಥ ಆಕರ ತಂದರೆ ಹೊರಗೆ ಕಳಿಸುತ್ತಿದ್ದೆ. ಅವನ ಮಾತು ಹೋಯಿತು ಎಂದು ನಾನು ವರ್ಷವಿಡೀ ಅತ್ತಿದ್ದೆ. ಆ ಮಾತು ಎಷ್ಟು ಸಲ ಬಾಗಿಲ ತನಕ ಬಂದು, ಅಲ್ಲಿ ನಾನು ಅಡ್ಡ ನಿಂತದ್ದನ್ನು ನೋಡಿ ಹಿಂದೆ ಹೋಯಿತೋ. ಲೆಕ್ಕ ಇಡುವ ಕೆಲಸವೂ ನನ್ನದೇ ಆಗಿತ್ತಲ್ಲ.

ಅತ್ತಿಗೆ ಏನೂ ಕೇಳಲಿಲ್ಲ. ನೆಲದ ಮೇಲೆ ಕೂತು ಹಗ್ಗವನ್ನು ಸಡಿಲ ಬಿಟ್ಟರು, ಅಷ್ಟೆ. ಚೆಕ್ಕಿಂಗ್ ಅಣ್ಣನ ಮೊಣಕಾಲಿನ ಹತ್ತಿರ ಹೋಗಿ ಕೂತಿತು. ಬಹಳ ಹೊತ್ತಾಯಿತು. ಅಣ್ಣನ ಬಲಗೈ, ಎತ್ತಲು ಎಷ್ಟೋ ಯೋಚಿಸಿದಂತೆ, ಅದರ ತಲೆಯ ಮೇಲೆ ಬಂದು ನಿಂತಿತು. ತುಟಿ ಮತ್ತೆ ಅದುರಿತು. ನಾನು ಕರವಸ್ತ್ರ ಬಾಯಿಗೆ ಒತ್ತಿಕೊಂಡೆ.

"ಕುಲ್ಲು," ಎಂದ ಅಣ್ಣ. ಕೂತುಕೋ ಎಂದು.

ಆ ಸ್ವರ ನನಗೆ ಗುರುತು ಸಿಗಲಿಲ್ಲ. ತೆಳ್ಳಗೆ, ಯಾರದೋ ಆಗಿತ್ತು. ಆಮೇಲೆ ಇವತ್ತಿನ ತನಕ ಇನ್ನೊಂದು ಮಾತು ಬಂದಿಲ್ಲ. ಆದ್ದರಿಂದ ಆ ಒಂದನ್ನು ಯಾರಿಗೆ ಹೇಳಿದ್ದೆಂದು ಯೋಚಿಸಲು ನನಗೆ ಬೇಕಾದಷ್ಟು ಸಮಯ ಸಿಕ್ಕಿದೆ. ನಾಯಿ ಆಗಲೇ ಕೂತಿತ್ತು. ಅತ್ತಿಗೆ ಕೂತಿದ್ದರು, ಮೇಡಂ ಕೂತಿದ್ದರು. ಆ ಕೋಣೆಯಲ್ಲಿ ನಿಂತುಕೊಂಡಿದ್ದವನು ನಾನೊಬ್ಬನೇ.

ಕೂತೆ.