ಬಾವಿಗೊಬ್ಬ ಅಧ್ಯಕ್ಷ

ನಮ್ಮ ಸೋದರಮಾವ ಒಬ್ಬರೇ ಕೂತು ಒಂದು ನಿರ್ಧಾರ ತೆಗೆದುಕೊಂಡದ್ದನ್ನು ಕಂಡವರಿದ್ದರೆ ದಯವಿಟ್ಟು ಮುಂದೆ ಬರಬೇಕು! ಸಂಜೆಗೆ ಜುಣಕವೋ ಬದನೆಕಾಯಿಯೋ ಎಂಬುದಕ್ಕೂ ಅವರಿಗೆ ಠರಾವು ಬೇಕು. "ಸೂಚಕರು ಯಾರು? ಅನುಮೋದಕರು ಯಾರು?" ಎಂದು ಅವರು ಕೇಳುವಷ್ಟರಲ್ಲಿ ಮಾಮಿ ಬದನೆಕಾಯಿ ಹೆಚ್ಚಿ ಮುಗಿಸಿರುತ್ತಿದ್ದರು. "ವಿರೋಧ ಪಕ್ಷ ಬಾಳ ಜೋರದ" ಎಂದು ಮಾಮಾ ಒಂದು ರೊಟ್ಟಿ ಹೆಚ್ಚಿಗೇ ಉಣ್ಣುತ್ತಿದ್ದರು.

ಭಾಲ್ಕಿಯ ತಮ್ಮ ಓಣಿಯ ಹಾಳುಬಾವಿಗೆ ಅವರು ಸಂಘ ಕಟ್ಟಿದ್ದರು. ಹೂಳು ತೆಗೆಸಿ, ನೀರು ಬಂದ ಮೇಲೆ ನೀರಿಗೆ ಒಂದೇ ಕಾನೂನು ಮಾಡಿದರು: ಯಾರೂ ಮೋಟರ್ ಇಳಿಸಬಾರದು, ಎಲ್ಲರೂ ಕೈಯಿಂದಲೇ ಸೇದಬೇಕು.

ಅಂದಿನಿಂದ ಅವರಿಗೆ ಜಗತ್ತೆಲ್ಲ ಬಾವಿಯೇ. ನನಗೆ ಹೆಣ್ಣು ನೋಡಲು ಔರಾದಿಗೆ ಹೋದಾಗ ಹುಡುಗಿಯ ತಂದೆಗೆ ಮೊದಲ ಪ್ರಶ್ನೆ: "ನಿಮ್ಮ ಓಣಿ ಬಾವಿ ಯಾರು ನೋಡ್ಕೋತಾರ್ರಿ?"

"ಅದು ಮುಚ್ಚಿ ಬಾಳ ದಿನಾ ಆತ್ರಿ."

ಮಾಮಾ ಅವಲಕ್ಕಿಯ ತಟ್ಟೆ ಕೆಳಗಿಟ್ಟರು. ಸಂಬಂಧ ಕೂಡಿಬರಲಿಲ್ಲ. ನನ್ನ ನೆನಪು ಆ ಬಾವಿಯನ್ನೇ ದೂರುತ್ತದೆ. ಹುಡುಗಿಗೆ ನಾನೇ ಹಿಡಿಸಲಿಲ್ಲ ಎಂದು ಮಾಮಿಯ ಅಂಬೋಣ. ನೆನಪನ್ನು ಎಷ್ಟು ನಂಬುವುದು?

ಬೀದರಿನಲ್ಲಿ 'ಏಷ್ಯಾದ ಸುಸ್ಥಿರ ಅಭಿವೃದ್ಧಿಯಲ್ಲಿ ಸಂಸ್ಥೆಗಳ ಪಾತ್ರ' ಎಂಬ ವಿಚಾರಗೋಷ್ಠಿ ನಡೆದಾಗ ಮಾಮಾ ನನ್ನನ್ನೂ ಎಳೆದೊಯ್ದರು. ಪ್ರಶ್ನೆಗಳ ಹೊತ್ತಿಗೆ ಎದ್ದು ನಿಂತರು. "ಏಷ್ಯಾಕ್ಕ ಅಧ್ಯಕ್ಷರು ಯಾರ್ರಿ?"

ಭಾಷಣಕಾರರು ನಕ್ಕರು. "ಯಾರೂ ಇಲ್ರಿ. ನೀವ ಆಗ್ರಿ."

"ಹಾಂಗ ಹ್ಯಾಂಗ ಆಗಲಿಕ್ಕಿ ಬರ್ತದ್ರಿ? ಮೊದಲ ಠರಾವು ಆಗಬೇಕಲ್ಲ."

ಭಾಲ್ಕಿಗೆ ಮರಳುವಾಗ ಬಸ್ಸಿನುದ್ದಕ್ಕೂ ಅವರ ಮುಖದಲ್ಲಿ ಏಷ್ಯಾದ ಭಾರ.

ಆಮೇಲೆ ಒಂದು ಬೇಸಿಗೆ, ಸಂಘದ ಸಭೆಯಲ್ಲಿ, ಆ ಕಾನೂನು ಮಾಡಿದ ಮಾಮಾ ಅವರೇ ತಮ್ಮ ಮನೆಗೊಂದು ಸಣ್ಣ ಮೋಟರ್ ಬೇಕೆಂದು ಕೇಳಿಬಿಟ್ಟರು! "ನಮ್ಮ ಮನಿಯಾಕಿ ಮೊಣಕಾಲು ನೋಯ್ತಾವ್ರಿ."

"ನನ್ನ ಮೊಣಕಾಲು ನೆಟ್ಟಗ ಅದಾವ" ಎಂದು ಮಾಮಿ ಅಲ್ಲೇ ಹೇಳಿದರು. "ದಿನಾ ನೀರು ಸೇದೋರು ನೀವಲ್ಲೇನ್ರಿ?"

ಸಭೆಯೆಲ್ಲ ನಗು. ಓಣಿಯಲ್ಲಿ ಬಳೆ ಮಾರುವ ಅಕ್ಕ ಮಾತ್ರ ನಗಲಿಲ್ಲ. "ಕಾಕಾ, ಇವತ್ತ ನಿಮ್ಮ ಮೋಟರ್ ಇಳಿದ್ರ ನಾಳಿ ಎಲ್ಲಾರ್ದೂ ಇಳೀತದ. ಬಾವಿ ಬತ್ತಿ ಹೋಗ್ತದ್ರಿ."

ಮೋಟರ್ ಬೇಕೆನ್ನುವವರು ಕೈ ಎತ್ತಬೇಕೆಂದಾಗ ಒಂದು ಕೈಯೂ ಏಳಲಿಲ್ಲ. ಮಾಮಾ ಅವರದೂ! ಮುದುಕನಿಗೆ ಬುದ್ಧಿ ಬಂತೆಂದು ಮತ್ತೆ ನಕ್ಕೆವು. ಮಾಮಾ ಕೂಡ ನಕ್ಕರೆಂದು ನನ್ನ ನೆನಪು.

ಮನೆಗೆ ಬಂದ ಮೇಲೆ ಅಂಗಿಯನ್ನು ಗೂಟಕ್ಕೆ ಸಿಕ್ಕಿಸಲು ನನ್ನ ಕೈಗೆ ಕೊಟ್ಟರು. ಯಾಕೆಂದು ಕೇಳಿದೆ.

"ಬಲಗೈ ಭುಜದ ಮ್ಯಾಲ ಏಳವಲ್ದು, ಅಳಿಯಾ. ಹಗ್ಗ ಜಗ್ಗಲಿಕ್ಕಿ ಆಗವಲ್ದು. ನಿಮ್ಮ ಮಾಮಿಗಿ ಹೇಳಬ್ಯಾಡ."

"ಮತ್ತ ಎಡಗೈ ಎತ್ತಬೇಕಿತ್ತಲ್ಲ?"

"ಮತ ಬಲಗೈಲೇ ಹಾಕಬೇಕಂತ ಸಂಘದ ನಿಯಮದಾಗ ನಾನ ಬರದೀನಿ."

"ಸಭಾದಾಗ ಖರೇ ಹೇಳಬೇಕಿತ್ರಿ, ಮಾಮಾ."

"ಹೇಳಿದ್ರ ಎಲ್ಲಾರೂ ಕೈ ಎತ್ತತಿದ್ರು" ಎಂದು ಗೋಡೆಗೆ ಒರಗಿದರು. "ನನಗೂ ಇಲ್ಲ ಅಂದ್ರು ನೋಡು ಇವತ್ತ. ಇನ್ನ ನಾ ಇರಲಿ, ಬಿಡಲಿ, ಬಾವಿ ಉಳೀತದ."

ಮರುದಿನ ನಾನು ಹಗ್ಗ ಹಿಡಿಯಲೆಂದು ಬೇಗ ಬಾವಿಗೆ ಹೋದೆ. ಮಾಮಿ ಆಗಲೇ ಸೇದುತ್ತಿದ್ದರು. ಅವರಿಗೆ ಯಾರು ಹೇಳಿದರೋ, ಯಾವಾಗಿನಿಂದ ಗೊತ್ತಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ಮಾಮಾ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಕೊಡ ಮೇಲೆ ಬಂದಾಗ ಎಡಗೈ ಚಾಚಿದರು. ಮಾಮಿ ಅರ್ಧ ನೀರು ಚೆಲ್ಲಿ ಹಗುರ ಮಾಡಿ, ಅವರ ಕೈಗೆ ಕೊಟ್ಟರು.